ನಾನು ಮುಟ್ಟಿಸದ ಎಲೆ ಅಡಿಕೆ

ರತ್ನಕ್ಕಾ, ನಿನ್ನ ತಮ್ಮ ನಿನ್ನನ್ನು ಹಬ್ಬಕ್ಕೆ ಕರೆಯಲು ಬಂದಿದ್ದ. ಎಲೆ ಅಡಿಕೆ, ಕುಂಕುಮ, ರವಿಕೆ ಕಣ ಎಲ್ಲವನ್ನೂ ನನ್ನ ಕೈಗೆ ಕೊಟ್ಟು ಹೋಗಿದ್ದ. ನಾನು ನಿನಗೆ ಹೇಳಲಿಲ್ಲ. ಮರೆತೆ ಎಂದರೆ ಅದೂ ಸುಳ್ಳಾಗುತ್ತದೆ — ಹೇಳಬಾರದೆಂದೇ ಹೇಳಲಿಲ್ಲ.

ಏಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿನ್ನ ಕೈಯ ಊಟ ಮಾಡಿದ್ದೇನೆ.

ದೇವರಾಯಸಮುದ್ರದ ಬಂಡೆಗಳ ಪಕ್ಕದ ಆ ಕ್ಯಾಂಪಿನಲ್ಲಿ ಕಾಯಂ ಇದ್ದವರು ನಾವಿಬ್ಬರೇ. ಅಡುಗೆ ನಿನ್ನದು, ಟೆಂಟು ಹಾಕುವುದು, ಬೆಂಗಳೂರಿನಿಂದ ಬಂದವರನ್ನು ಬೆಟ್ಟ ಹತ್ತಿಸಿ ಇಳಿಸುವುದು ನನ್ನದು. ಗೆಸ್ಟುಗಳಿರುವಾಗ ಇಬ್ಬರಲ್ಲಿ ಒಬ್ಬರು ಇರಲೇಬೇಕು ಎಂದು ಓನರ್ ಹೇಳಿದ್ದರು. ಆ ಬೇಸಿಗೆ ಪೂರ್ತಿ ಇದ್ದವಳು ನೀನೇ. ಯುಗಾದಿ ಕಳೆಯಿತೆಂದರೆ ನಮ್ಮ ಸೀಮೆಯಲ್ಲಿ ವಾರಕ್ಕೊಂದು ಊರಲ್ಲಿ ತಮಟೆ. ಮಾಲೂರಿನಲ್ಲಿ ಕರಗ, ಶ್ರೀನಿವಾಸಪುರದಲ್ಲಿ ಹೂವಿನ ಪಲ್ಲಕ್ಕಿ, ವಕ್ಕಲೇರಿ ಕಡೆ ಕೋಲಾಟ — ಒಂದನ್ನೂ ಬಿಡದೆ ಹೋದೆ. ನೀನೇ ಕಳಿಸುತ್ತಿದ್ದೆ.

"ಹೋಗೋ ಮುನಿರಾಜು, ಈ ವಯಸ್ಸಲ್ಲಿ ನೋಡ್ದೆ ಇನ್ಯಾವಾಗ ನೋಡ್ತೀಯ? ಬಂದು ಎಲ್ಲ ಹೇಳ್ಬೇಕು ಮತ್ತೆ, ಒಂದೂ ಬಿಡ್ಬಾರ್ದು!"

ಬಂದು ಹೇಳುತ್ತಿದ್ದೆ. ನಮ್ಮಜ್ಜಿ ಕಲಿಸಿದ ಮಾತುಗಾರಿಕೆ ಎಲ್ಲ ನಿನ್ನ ಒಲೆ ಮುಂದೆ ಬಿಚ್ಚುತ್ತಿದ್ದೆ. "ಲೇ, ನಾನೇ ಹೋಗಿದ್ರೂ ಇಷ್ಟು ಕಾಣ್ತಿರ್ಲಿಲ್ಲ ಕಣೋ" ಎನ್ನುತ್ತಿದ್ದೆ ನೀನು.

ಆ ಭಾನುವಾರ ನೀನು ತರಕಾರಿಗೆ ಮುಳಬಾಗಿಲಿಗೆ ಹೋಗಿದ್ದೆ. ನಿನ್ನ ತಮ್ಮ ಬೈಕಿನಲ್ಲಿ ಬಂದ. "ಏಮಪ್ಪಾ, ಇಲ್ಲಿ ಅಡುಗೆ ಮಾಡೋ ರತ್ನಮ್ಮ ಇಲ್ವಾ? ನಮ್ಮಕ್ಕ." ಮುಕ್ಕಾಲು ಗಂಟೆ ಬಂಡೆಯ ನೆರಳಲ್ಲಿ ಕೂತು ಕಾದ. ನಿನ್ನ ಮದುವೆಯಲ್ಲಿ ಆದ ಜಗಳ, ಆಮೇಲೆ ಹದಿನೆಂಟು ವರ್ಷ ಮಾತಿಲ್ಲ ಎಂಬುದು ನೀನು ಹೇಳಿ ನನಗೆ ಗೊತ್ತಿತ್ತು. ನಿಮ್ಮೂರ ಗಂಗಮ್ಮನ ಹಬ್ಬದಲ್ಲಿ ತಂಬಿಟ್ಟಿನ ದೀಪವನ್ನು ಮನೆಮಗಳು ಹೊರುವುದು ಪದ್ಧತಿ. ಅಷ್ಟು ವರ್ಷ ಅದನ್ನು ಅವನ ಹೆಂಡತಿ ಹೊತ್ತಿದ್ದಳಂತೆ.

ನಿನ್ನ ಫೋನ್ ನಂಬರ್ ಕೊಡಲು ಹೋದೆ. ಬೇಡವೆಂದು ಕೈಯಾಡಿಸಿದ. "ಫೋನಲ್ಲಿ ಕರೆಯೋ ಕರೆಯಲ್ಲಪ್ಪಾ ಇದು. ಹೊಸಲು ದಾಟಿ ಬಂದು ಕರೀಬೇಕು, ಬಂದಿದೀನಿ. ಮಂಗಳವಾರ ದೀಪ. ಅಕ್ಕನೇ ಹೊರ್ಬೇಕು ಅಂತ ಹೇಳು. ಬರ್ಲಿಲ್ಲ ಅಂದ್ರೆ... ಮನಸ್ಸಿಲ್ಲ ಅಂತ ತಿಳ್ಕೋತೀನಿ. ಇನ್ನೊಂದ್ಸಲ ಬರಲ್ಲ."

ಅವನಿಗೆ ಇನ್ನೂ ನಾಲ್ಕು ಮನೆ ಕರೆಯುವುದಿತ್ತು, ಹೋದ.

ಮಂಗಳವಾರ — ಅದೇ ಮಂಗಳವಾರ ಶ್ರೀನಿವಾಸಪುರದ ಆಚೆ ಒಂದು ಊರಲ್ಲಿ ಉಟ್ಲು. ಎಣ್ಣೆ ಸವರಿದ ಕಂಬ ಹತ್ತುವವರ ಮೇಲೆ ಊರೆಲ್ಲ ನೀರು ಎರಚುವ ಆಟ. ಕ್ಯಾಂಪಿಗೆ ಕಾಲೇಜು ಹುಡುಗರ ಗುಂಪು ಬರುವುದಿತ್ತು. ನೀನು ತವರಿಗೆ ಹೋದರೆ ನಾನು ಉಳಿಯಬೇಕು. ಅಷ್ಟೇ ಲೆಕ್ಕ. ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇತ್ತೇ ಎಂದು ಎಷ್ಟೋ ಸಲ ಹುಡುಕಿದ್ದೇನೆ — ಇಲ್ಲ.

ನೀನು ಚೀಲ ಇಳಿಸಿ, ಮಣ್ಣಿನಲ್ಲಿ ಬೈಕಿನ ಗುರುತು ನೋಡಿ ಕೇಳಿದೆ: "ಯಾರೋ ಬಂದಿದ್ರು?"

"ಯಾರೋ ದಾರಿ ಕೇಳ್ಕೊಂಡು ಬಂದಿದ್ದ, ಬಿಡಕ್ಕ."

ಮಂಗಳವಾರ ಉಟ್ಲಿನ ಜನಜಂಗುಳಿಯಲ್ಲಿ ನಿಂತು, ನಿನ್ನ ತವರಿನ ಆ ಎಲೆ ಅಡಿಕೆಯನ್ನು ನಾನೇ ಹಾಕಿಕೊಂಡೆ. ಕುಂಕುಮ, ರವಿಕೆ ಕಣ ನನ್ನ ಚೀಲದ ತಳ ಸೇರಿದ್ದವು. ಇದು ಜೇಬಿನಲ್ಲಿ ಬಾಡುತ್ತಿತ್ತು — ಎಸೆಯಲು ಭಯ, ಇಟ್ಟುಕೊಳ್ಳಲೂ ಭಯ. ಕಂಬ ಹತ್ತಿದವನೊಬ್ಬ ಪಂಚೆ ಜಾರಿ ಅಲ್ಲೇ ನೇತಾಡಿದಾಗ ಬಾಯಿ ತುಂಬ ಕೆಂಪಾಗಿಸಿಕೊಂಡು ನಕ್ಕೆ.

ಹೊತ್ತು ಮುಳುಗುವ ಮೊದಲೇ ಬಂದು ಆ ಪಂಚೆಯ ಕತೆ ಹೇಳಿದೆ. ನೀನು ಕೊತ್ತಂಬರಿ ಬಿಡಿಸುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಕಣ್ಣೊರೆಸಿಕೊಂಡು, "ಇವತ್ತು ನಮ್ಮೂರಲ್ಲೂ ದೀಪ ಕಣೋ. ಈಗ ಹೊರಡ್ತಿರ್ತವೆ. ಒಂದು ಮಾತು ಕರೆದಿದ್ರೆ ಹೋಗ್ತಿದ್ದೆ" ಎಂದೆ.

ಅಕ್ಕಾ, ನನ್ನ ಬೈಕಿನ ಇಂಜಿನ್ನು ಇನ್ನೂ ಬಿಸಿಯಿತ್ತು. ನಿಮ್ಮೂರು ಅರ್ಧ ಗಂಟೆಯ ದಾರಿ. ಆಗಲೂ...

ಮುಂದಿನ ಬೇಸಿಗೆಗೆ ನಿನ್ನ ತಮ್ಮ ಇರಲಿಲ್ಲ. ಎದೆನೋವು ಎಂದು ಕೂತವನು ಏಳಲಿಲ್ಲ. ನೀನು ಮಣ್ಣಿಗೆ ಹೋಗಿ, ಬಾಡಿದ ಮುಖ ಹೊತ್ತು ಹಿಂದಿರುಗಿದೆ. "ಆವತ್ತು ಕರೆದಾಗ ಬರದವಳು ಇವತ್ಯಾಕೆ ಬಂದೆ ಅಂದ್ಲು ಕಣೋ ಅವನ ಹೆಂಡ್ತಿ. ಎಲ್ಲರ ಮುಂದೆ. ಯಾವಾಗ ಕರೆದ್ರು? ಯಾರನ್ನ ಕರೆದ್ರು?"

ಆಗ ನಾನಂದ ಮಾತು ಮೊದಲಿನದಕ್ಕಿಂತ ಕೆಟ್ಟದ್ದು: "ಜನದ ಮುಂದೆ ಮಾನ ಉಳಿಸ್ಕೊಳ್ಳೋಕೆ ಏನೋ ಅಂತಾರೆ ಬಿಡಕ್ಕ. ಬಂದಿದ್ರೆ ನನ್ ಕಣ್ಣಿಗೆ ಬೀಳ್ತಿರ್ಲಿಲ್ವಾ?"

ನೀನು ನಂಬಿದೆ. ಅಂದಿನಿಂದ ಅವನ ಹೆಸರು ಬಂದಾಗಲೆಲ್ಲ, "ಸತ್ತ ಮೇಲೂ ನನ್ ಮೇಲೆ ಸುಳ್ಳು ಹೊರಿಸ್ದ" ಎನ್ನುತ್ತೀ. ಜಗಳವನ್ನು ಮುಗಿಸಲು ಬಂದಿದ್ದವನನ್ನು ನಿನ್ನ ಬಾಯಲ್ಲಿ ಸುಳ್ಳುಗಾರನನ್ನಾಗಿ ಮಾಡಿದವನು ನಾನು.

ಹೋದ ವಾರ ನಿಮ್ಮೂರಿಗೆ ಹೋಗಿ ಅವನ ಹೆಂಡತಿಗೆ ಹೇಳಿದೆ. ಹಸುವಿಗೆ ಬೂಸ ಕಲಸುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು. "ಊರ ದೀಪ ಎಲ್ಲಾ ಹೋದ್ರೂ ನಮ್ದು ಎತ್ತೋಕೆ ಬಿಡ್ಲಿಲ್ಲ ಅವರು. ಅಕ್ಕ ಬರ್ತಾಳೆ ಇರು ಅಂತ ರೋಡಿಗೆ ಹೋಗಿ ಹೋಗಿ ನೋಡ್ಕೊಂಡು ಬಂದ್ರು." ಆಮೇಲೆ ತಲೆಯೆತ್ತಿದಳು. "ಈಗ ಇದನ್ನ ನನ್ಗ್ಯಾಕೆ ಹೇಳ್ತೀಯ? ಕೇಳ್ಬೇಕಾದವರು ಎಲ್ಲಿದಾರೆ?" ಒಮ್ಮೆ ಬಂದು ನಿನ್ನನ್ನು ನೋಡಲಿ ಎಂದು ಬೇಡಿಕೊಂಡೆ. ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತು. ನಿನಗೆ ತಮ್ಮ ಸಿಕ್ಕುವುದಿಲ್ಲ. ನಾನೂ ಒಬ್ಬ ತಮ್ಮನ ಹಾಗಿದ್ದೆ, ಅವನೂ ಹೋಗುತ್ತಾನೆ.

ಭಾನುವಾರ ವೇಮಗಲ್ಲಿಗೆ, ನೀನೀಗ ಇರುವ ನಿನ್ನ ಮಗಳ ಮನೆಗೆ ಬರುತ್ತೇನೆ. ಬಾಯಲ್ಲಿ ಹೇಳಲು ಕೂತರೆ ಎಲ್ಲಾದರೂ ನಿನ್ನನ್ನು ನಗಿಸಿಬಿಡುತ್ತೇನೆ, ತಪ್ಪಿಸಿಕೊಳ್ಳುತ್ತೇನೆ — ಅದಕ್ಕೇ ಬರೆದಿದ್ದೇನೆ. ನಿನಗೆ ಓದು ಬಾರದು. ನಿನ್ನ ಮಗಳೇ ಇದನ್ನು ಗಟ್ಟಿಯಾಗಿ ಓದಲಿ. ಸೋದರಮಾವ ಕರೆದ ಕರೆ ಅವಳ ಬಾಯಿಂದಲೇ ನಿನ್ನ ಕಿವಿಗೆ ಬೀಳಲಿ. ಅವಳು ಓದಿ ಮುಗಿಸುವವರೆಗೂ ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ.