ಕಪಾಟೂ ಕಾಣಬೇಕು, ಹೊಳೆಯೂ ಕಾಣಬೇಕು

ಸಮಾರಂಭಗಳ ನೂಕುನುಗ್ಗಲಿನಲ್ಲಿ ಫೋಟೊ ತೆಗೆಯುವುದೆಂದರೆ ಅವಳದು ಎತ್ತಿದ ಕೈ. ಆದರೆ ಮೊಣಕಾಲು ಮುರಿದು ಕೂಡಿಕೊಂಡ ಮೇಲೆ ಆ ಓಡಾಟ ಆಗದಾಯಿತು.

"ಕ್ಯಾಮೆರಾ ಮಾರಿ ಆರಾಮಾಗಿರು," ಎಂದ ಅಣ್ಣ.

"ಓಡೋಕಾಗಲ್ಲ ಅಂದ್ರೆ ಓಡಿಹೋಗದೇ ಇರೋದನ್ನ ತೆಗೀತೀನಿ ಬಿಡಣ್ಣ. ಗೋಡೆ, ಮೆಟ್ಟಿಲು, ಕೋಣೆ..."

ಬಾಯಿಮಾತಿಗೆ ಅಂದದ್ದಲ್ಲ. ಗೊತ್ತಿದ್ದವರಿಗೆಲ್ಲ ಹೇಳಿಟ್ಟಳು. ಮೊದಲ ಕರೆ ಬಂದದ್ದು ಒಬ್ಬ ಬಡಗಿಯಿಂದ. ಹೊಸ ಮನೆಯೊಂದರ ಹಜಾರದಲ್ಲಿ ಅವನು ಗೋಡೆಯುದ್ದಕ್ಕೂ ಪುಸ್ತಕದ ಕಪಾಟು ಮಾಡಿದ್ದ. ಮಗ್ಗುಲಲ್ಲೇ ದೊಡ್ಡ ಕಿಟಕಿ, ಆಚೆ ಬಿಸಿಲಲ್ಲಿ ಹೊಳೆ.

"ಕಪಾಟು, ಕಿಟಕಿ ಎರಡೂ ನನ್ನ ಕೈಕೆಲಸಾನೇ ಮೇಡಂ. ಒಂದನ್ನ ಬಿಟ್ಟು ಒಂದನ್ನ ತೆಗೀಬೇಡಿ. ಕಿಟಕಿಯಾಚೆ ಹೊಳೆಯೂ ಕಾಣ್ಬೇಕು."

ಕಿಟಕಿಗೆ ಬೆಳಕು ಹೊಂದಿಸಿದರೆ ಕಪಾಟು ಕಪ್ಪಿಟ್ಟಿತು. ಕಪಾಟಿಗೆ ಹೊಂದಿಸಿದರೆ ಹೊಳೆ ಸುಣ್ಣ ಬಳಿದಂತೆ ಮಾಯವಾಯಿತು.

"ಇದೇನ್ ಮೇಡಂ, ತೇಗದ ಮರ ಇದ್ದಿಲಾಗೋಯ್ತಲ್ಲ!"

ಅವಳಿಗೂ ನಗು ಬಂತು. ಇಷ್ಟು ವರ್ಷ ಕ್ಯಾಮೆರಾದ ಮೆನುವಿನಲ್ಲಿ ಕಂಡೂ ಕಾಣದಂತೆ ದಾಟಿಹೋಗುತ್ತಿದ್ದ ಬ್ರಾಕೆಟಿಂಗ್ ಎಂಬ ಆಯ್ಕೆ ನೆನಪಾಯಿತು. ಕಾಲು ಚಾಚಿ ನೆಲದ ಮೇಲೆ ಕುಳಿತು ಅದನ್ನು ತೆರೆದಳು. ಒಂದೇ ನೋಟಕ್ಕೆ ಮೂರು ಫೋಟೊ: ಒಂದು ಹದವಾಗಿ, ಒಂದು ಕಪ್ಪಗೆ, ಒಂದು ಬೆಳ್ಳಗೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಬಟನ್ ಒತ್ತಿದಳು. ಕ್ಯಾಮೆರಾ ಒಂದೇ ತೆಗೆದು ಸುಮ್ಮನಾಯಿತು. ಮತ್ತೆ ಮತ್ತೆ ಒತ್ತಿ ಉಳಿದೆರಡನ್ನೂ ತೆಗೆದಳು. ಲ್ಯಾಪ್‌ಟಾಪಿನಲ್ಲಿ ಮೂರನ್ನೂ ಒಂದರ ಮೇಲೊಂದಿಟ್ಟು ಬೆರೆಸಿದರೆ ಕಪಾಟಿನ ಅಂಚುಗಳೆಲ್ಲ ಎರಡೆರಡು! ಒತ್ತಿದಾಗಲೆಲ್ಲ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿತ್ತು.

ಬಡಗಿ ಮುಖ ಸಣ್ಣದು ಮಾಡಿಕೊಂಡ. "ಹೋಗ್ಲಿ ಬಿಡಿ, ಇನ್ನೊಂದಿನ ನೋಡೋಣ."

"ಇನ್ನೊಂದಿನ ಯಾಕೆ? ಬೆಳಕು ಇವತ್ತಿದೆ, ನಾನೂ ಇವತ್ತಿದೀನಿ. ಆ ಪರದೆ ಒಂಚೂರು ಕಟ್ಟಿ, ಗಾಳಿಗೆ ಆಡ್ತಿದೆ."

ಈ ಸಲ ಟೈಮರ್ ಇಟ್ಟಳು. ಒಮ್ಮೆ ಒತ್ತಿ ಹಿಂದೆ ಸರಿದಳು. ಕ್ಷಣ ತಡೆದು ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಟಕ್, ಟಕ್, ಟಕ್ ಎಂದಿತು. ಬೆರೆಸಿ ನೋಡಿದರೆ ಆಚೆ ಹೊಳೆಯ ಮಿಂಚು, ಈಚೆ ಮರದ ಎಳೆ ಎಳೆ.

ಬಡಗಿ ಲ್ಯಾಪ್‌ಟಾಪಿನ ತೆರೆಯ ಹತ್ತಿರ ಬಗ್ಗಿದ. "ಉಜ್ಜುಕಾಗದ ಹಾಕಿ ಉಜ್ಜಿದ್ದು ಕೂಡ ಕಾಣ್ತದಲ್ಲ! ಮೇಡಂ, ನಾನ್ ಮಾಡಿರೋ ಅಡುಗೆಮನೆಗಳೂ ಇವೆ, ಬರ್ತೀರಾ?"

"ಕರೀರಿ, ಬರ್ತೀನಿ."

ಹೊಸ ಕೆಲಸ ಹೀಗೆ ಕೈಹಿಡಿಯಿತು. ಅದೇ ಸಂಜೆ ಹುರುಪಿನಲ್ಲಿ ಅತ್ತಿಗೆಯನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೆಗೆದಳು. ಬ್ರಾಕೆಟಿಂಗ್ ಆಫ್ ಮಾಡಲು ಮರೆತೇಬಿಟ್ಟಿದ್ದಳು; ಹದವಾದದ್ದು, ಕಪ್ಪಗಿನದು, ಬೆಳ್ಳಗಿನದು ಎಂದು ಮೂರು ಬಂದವು.

ಅತ್ತಿಗೆ ಮೂರನ್ನೂ ನೋಡಿ ಹುಬ್ಬೇರಿಸಿದರು. "ಇದ್ರಲ್ಲಿ ಒಬ್ಳು ನಾನು, ಸರಿ. ಮಿಕ್ಕ ಇಬ್ರು ಯಾರೇ?"

ಅವಳು ಬಿದ್ದು ಬಿದ್ದು ನಕ್ಕಳು. "ಅವರೂ ನೀವೇ ಅತ್ತಿಗೆ. ನಿಲ್ಲಿ, ಇನ್ನೊಂದು ತೆಗೀತೀನಿ."