ಟೇಪಿನ ಮನೆಯ ಯಜಮಾನ

ನಮ್ಮ ಮೇಲಿನ ಮಹಡಿಯ ಬಾಡಿಗೆದಾರ ಕಲಾವಿದ. ಅವನು ಸ್ವಂತ ಮನೆಯ ಆಸೆಯನ್ನು ಗೇಲಿ ಮಾಡುತ್ತಾನೋ, ಮನೆಯನ್ನೇ ಕಟ್ಟುತ್ತಾನೋ ನನಗಿನ್ನೂ ಬಗೆಹರಿದಿಲ್ಲ. ಒಂದು ಆರ್ಟ್ ಗ್ಯಾಲರಿಯ ನೆಲಕ್ಕೆ ಬಿಳಿ ಟೇಪು ಅಂಟಿಸಿ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು ಎಂದು ಗೆರೆ ಎಳೆದು, ಅದಕ್ಕೆ ‘ಗಂಡಸು’ ಎಂದು ಹೆಸರಿಟ್ಟಿದ್ದಾನೆ. “ಸ್ವಂತ ಮನೆ ಇದ್ರೇನೇ ಗಂಡಸು ಅನ್ನೋ ಭ್ರಮೇನ ಒಡೀತಿದೀನಿ ಸಾರ್” ಎಂದು ಬಂದವರಿಗೆಲ್ಲ ಮೀಸೆ ತೀಡುತ್ತಲೇ ವಿವರಿಸುತ್ತಾನೆ. ಅವನ ಹೆಂಡತಿಯ ದೂರೇ ಬೇರೆ: “ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ಓನರ್ ಬೈತಾರೆ ಅಂತಾರೆ. ಇವರ ಚಿತ್ರಗಳೆಲ್ಲ ಮಂಚದ ಕೆಳಗಿವೆ.” ಮೊನ್ನೆ ಪ್ರದರ್ಶನಕ್ಕೆ ಹೋದ ನಾನು ಟೇಪು ದಾಟಿ ನೇರವಾಗಿ ಅವನತ್ತ ನಡೆದೆ. ಬರಿಗಾಲಲ್ಲಿ ನಿಂತಿದ್ದವನು, “ಅದು ಗೋಡೆ ಅಣ್ಣ, ಬಾಗಿಲು ಆ ಕಡೆ” ಎಂದ. ನಗಬೇಕೇ ಎಂದು ತಿಳಿಯದೆ ಸುತ್ತಿಕೊಂಡು ಬಂದೆ. ಅಷ್ಟರಲ್ಲಿ ಅವನ ಮಾವ ಬಂದರು, ಮಗಳನ್ನು ಕೊಟ್ಟಾಗಿನಿಂದ “ಮನೆ ಯಾವಾಗ ಮಾಡ್ತೀರಿ?” ಎಂದು ಕೇಳುತ್ತಲೇ ಇರುವವರು. ಇವನು ಓಡಿಹೋಗಿ ಟೇಪಿನ ಬಾಗಿಲಲ್ಲಿ ನಿಂತ. “ಬನ್ನಿ ಮಾವ, ಒಳಗೆ ಬನ್ನಿ.” ಅವರು ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಿಂದಲೇ ಒಳಗೆ ಬಂದರು. ಆ ಮನೆಯೊಳಗೆ ಬೂಟು ಹಾಕಿಕೊಂಡು ನಿಂತಿದ್ದವನು ನಾನೊಬ್ಬನೇ.