ಮೊಳೆಗೆ ತೂಗುಹಾಕಿದ ಗುಪ್ತಪದ

೨೦೦೭ನೆಯ ಇಸವಿ, ನವೆಂಬರ್ ತಿಂಗಳು. ನನಗಾಗ ನಲವತ್ತೆಂಟು ವರ್ಷ, ಐದು ತಿಂಗಳು. ಸೀಮೆಸುಣ್ಣದ ಧೂಳೂ ನನ್ನದೇ ಏರುದನಿಯೂ ಸೇರಿ ಗಂಟಲನ್ನು ಕೆಡಿಸಿದ್ದರಿಂದ, ಕನ್ನಡ ಅಧ್ಯಾಪಕನ ಕೆಲಸವನ್ನು ಬಿಟ್ಟು ಆಗಲೇ ಎರಡು ವರ್ಷಗಳಾಗಿದ್ದವು. ತಮಿಳುನಾಡಿನ ಗಡಿಯೊಳಗಿರುವ ಪಣಕಹಳ್ಳಿಯ ಮನೆಯ ನಡುಮನೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಒಂದು ಕಂಪ್ಯೂಟರನ್ನು ಇರಿಸಿಕೊಂಡು ಬೆಟ್ಟದ ಮೇಲಿನ ನಾಲ್ಕು ಶಾಲೆಗಳಿಗೆ ಪ್ರಶ್ನೆಪತ್ರಿಕೆಗಳನ್ನು ಬೆರಳಚ್ಚು ಮಾಡಿಕೊಡುತ್ತಿದ್ದೆ.

ನಮ್ಮ ಕಡೆ ಈ ಕೆಲಸಕ್ಕೆ ಬೇರೆ ಜನವಿರಲಿಲ್ಲ. ಮಕ್ಕಳು ಓದುವುದು ಕನ್ನಡದಲ್ಲಿ, ಪರೀಕ್ಷೆಯ ವೇಳಾಪಟ್ಟಿ ಬರುವುದು ತಮಿಳಿನಲ್ಲಿ, ಅಚ್ಚಾಗುವುದು ಗಡಿಯಾಚೆ ಚಾಮರಾಜನಗರದಲ್ಲಿ. ಮುಖ್ಯೋಪಾಧ್ಯಾಯರುಗಳು ನನ್ನನ್ನು ಆರಿಸಿಕೊಂಡದ್ದು ನನ್ನ ಬೆರಳಿನ ವೇಗಕ್ಕಾಗಿ ಅಲ್ಲ. ನನ್ನ ಬೆರಳಿಗೆ ಇಂದಿಗೂ ವೇಗವಿಲ್ಲ. ಕಟ್ಟುನಿಟ್ಟಿನ ಮನುಷ್ಯನೆಂಬ ಹೆಸರಿಗಾಗಿ ಆರಿಸಿಕೊಂಡರು. ಆ ಹೆಸರನ್ನು ಕಾಪಾಡಿಕೊಳ್ಳಲು ನಾನೇ ಮುಂದಾಗಿ ಒಂದು ಪತ್ರವನ್ನು ಬರೆದುಕೊಟ್ಟಿದ್ದೆ: ಪರೀಕ್ಷೆಯ ದಿನದವರೆಗೆ ಈ ಪ್ರಶ್ನೆಗಳು ನನ್ನ ಕಣ್ಣಿಗಲ್ಲದೆ ಮನೆಯ ಮತ್ತೊಂದು ಕಣ್ಣಿಗೆ ಬೀಳತಕ್ಕದ್ದಲ್ಲ, ಬೀಳುವುದಕ್ಕೆ ದಾರಿ ಮಾಡಿಕೊಟ್ಟರೂ ಸಾಕು, ನಾನು ಈ ಕೆಲಸಕ್ಕೆ ಅನರ್ಹನು. ಯಾರೂ ಕೇಳದ ಆ ಪತ್ರಕ್ಕೆ ಎರಡು ಪ್ರತಿಗಳಿದ್ದವು.

ಈ ಪ್ರತಿಜ್ಞೆಯ ಫಲವಾಗಿಯೇ ಯಂತ್ರಕ್ಕೆ ಗುಪ್ತಪದ ಬಂದಿತು. ಕನ್ನಡದ ಮೂರು ಸಂಧಿಗಳ ಹೆಸರನ್ನು ಒಟ್ಟಿಗೆ ಕಟ್ಟಿ 'ಲೋಪಾಗಮಾದೇಶ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಈಗ ಅದು ಬದಲಾಗಿರುವುದರಿಂದ ಹೇಳುವುದಕ್ಕೆ ಅಡ್ಡಿಯಿಲ್ಲ. ವೈರಸ್ಸಿನ ವಿಷಯದಲ್ಲಿಯೂ ನಾನು ಅಲಕ್ಷ್ಯ ಮಾಡಿರಲಿಲ್ಲ. ಹಿಂದಿನ ವರ್ಷದ ಜುಲೈಯಲ್ಲಿ, ಯಂತ್ರವನ್ನು ಕೊಂಡ ದಿನವೇ, ಅದಕ್ಕೆ ರಕ್ಷಣೆಯ ಸಿ.ಡಿ.ಯನ್ನೂ ಹಾಕಿಸಿದ್ದೆ. ನನ್ನ ಎಡತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತಿದೆ. ಒಮ್ಮೆ ಚುಚ್ಚಿದರು, ಮತ್ತೆ ಕೇಳಲಿಲ್ಲ. ಇದೂ ಅಂತಹುದೇ ಎಂದು ತಿಳಿದಿದ್ದೆ. ೨೦೦೭ರ ಜುಲೈಯಿಂದ ಪ್ರತಿದಿನ ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದು ಕೆಂಪು ಚೌಕ ಏಳುತ್ತಿತ್ತು. ಅದನ್ನು ನಾನು ಪ್ರತಿದಿನವೂ, ಒಂದು ದಿನವೂ ತಪ್ಪದೆ, ಮುಚ್ಚುತ್ತಿದ್ದೆ.

ಇನ್ನು ಬೀಗದ ಕೈಯ ಸಂಗತಿ. ನಮ್ಮ ಬೀದಿಯಲ್ಲಿ ಬೀಗ ಹಾಕುವುದು ತಪ್ಪಲ್ಲ, ಅದರ ಕೈಯನ್ನು ಜೊತೆಗೆ ಒಯ್ಯುವುದು ತಪ್ಪು. ಯಾವ ಮನೆಯವರು ಊರಿಗೆ ಹೋದರೂ ಬೀಗದ ಕೈ ಪಕ್ಕದ ಮನೆಯ ಮೊಳೆಗೆ ಹೋಗಬೇಕು. ಒಯ್ದರೆ, ಪಕ್ಕದ ಮನೆಯವರನ್ನು ಕಳ್ಳರೆಂದು ಡಂಗುರ ಹೊಡೆಸಿದಂತೆ. ನಮ್ಮ ಮನೆಯ ಕೈ ಇಪ್ಪತ್ತು ವರ್ಷಗಳಿಂದ ತೂಗುತ್ತಿದ್ದದ್ದು ನೆರೆಮನೆಯ ಅಕ್ಕನ ಅಡುಗೆಮನೆಯ ಮೊಳೆಯಲ್ಲಿ. ಅಕ್ಕನಿಗೆ ನನಗಿಂತ ಹನ್ನೆರಡು ವರ್ಷ ಹೆಚ್ಚು. ರಾಗಿ ಹೊಲ, ಎರಡು ಹಸು, ಮಾತು ಕಡಿಮೆಯ ಗಂಡ, ಇವುಗಳ ಜೊತೆಗೆ ನಮ್ಮ ಮನೆಯನ್ನೂ ಅವರೇ ನೋಡಿಕೊಳ್ಳುತ್ತಿದ್ದರು.

ನವೆಂಬರಿನ ನಡುವೆ ನನ್ನ ಹೆಂಡತಿಯ ತಮ್ಮನ ಗೃಹಪ್ರವೇಶಕ್ಕೆಂದು ನಾವಿಬ್ಬರೂ ಮೂರು ದಿನ ಸತ್ಯಮಂಗಲಕ್ಕೆ ಇಳಿಯಬೇಕಾಯಿತು. ವಾಡಿಕೆಯಂತೆ ಬೀಗದ ಕೈಯನ್ನು ಕೊಡಲು ಹೋದೆ.

"ಇದು ಸರಿ ಕಣ ಮೇಷ್ಟ್ರ," ಎಂದರು ಅಕ್ಕ. "ಒಳಗ ಆ ಪೆಟ್ಗಗೂ ಬೀಗ ಆಕಿದ್ದೀಯಂತಲ್ಲ, ಅದರ ಕೈ ಎಲ್ಲಿ?"

"ಅದಕ್ಕೆ ಕೈ ಇಲ್ಲ ಅಕ್ಕ. ಒಂದು ಪದವಿದೆ."

"ಅದ್ನೇ ಕೊಟ್ಟೋಗು. ಕರೆಂಟು ಓದಾಗ್ಲೆಲ್ಲ ಅದು ಕೀಂಯ್ ಅಂತ ಅರಚ್ಕತ್ತದ. ನೀನ್ ಇಲ್ದಾಗ ನಾನೇನ್ ಮಾಡ್ಲಿ, ತೊಟ್ಲ ಕಟ್ಟಿ ತೂಗ್ಲಾ?"

ಅರಚುವುದು ಬ್ಯಾಟರಿಯ ಪೆಟ್ಟಿಗೆ, ಅದಕ್ಕೂ ಗುಪ್ತಪದಕ್ಕೂ ಸಂಬಂಧವಿಲ್ಲವೆಂದು ವಿವರಿಸಬಹುದಿತ್ತು. ಆದರೆ ಹೊರಬಾಗಿಲಿನ ಕೈಯನ್ನು ಕೊಟ್ಟು ಒಳಗಿನದನ್ನು ಬಚ್ಚಿಟ್ಟುಕೊಳ್ಳುವುದು ನನಗೇ ಅಸಹ್ಯವೆನಿಸಿತು. ಒಂದು ಚೀಟಿಯ ಮೇಲೆ ಗುಪ್ತಪದವನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ದುಂಡಗೆ ಬರೆದು, ಕೆಳಗೆ ಗೆರೆ ಎಳೆದು ಕೊಟ್ಟೆ. ಅಕ್ಕ ಅದನ್ನು ಸುರುಳಿ ಸುತ್ತಿ, ಬೀಗದ ಕೈಯ ದಾರಕ್ಕೇ ಕಟ್ಟಿ, ಮೊಳೆಗೆ ಹಾಕಿದರು. ನಾನು ನಿಶ್ಚಿಂತನಾಗಿ ಬಸ್ಸು ಹತ್ತಿದೆ. ನಾಲ್ಕು ಶಾಲೆಗಳ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಗಳೆಲ್ಲ ಆ ಯಂತ್ರದಲ್ಲಿದ್ದವು ಎಂಬುದು ಬೆಟ್ಟ ಇಳಿಯುವ ಘಾಟಿಯ ಇಪ್ಪತ್ತೇಳು ತಿರುವುಗಳಲ್ಲಿ ಒಂದರಲ್ಲಿಯೂ ನನ್ನ ನೆನಪಿಗೆ ಬರಲಿಲ್ಲ.

ಹಿಂದಿರುಗಿ, ಬೀಗ ತೆಗೆದು, ಕೈಯನ್ನು ವಾಡಿಕೆಯಂತೆ ಮತ್ತೆ ಅಕ್ಕನ ಮೊಳೆಗೇ ಕಳುಹಿಸಿದೆವು. ಮನೆ ಬಿಟ್ಟುಹೋದಂತೆಯೇ ಇತ್ತು. ಕಂಪ್ಯೂಟರಿನ ಮೇಲಿನ ಬಟ್ಟೆಯನ್ನು ಮಾತ್ರ ನಾನು ಹೊದಿಸುವುದಕ್ಕಿಂತ ಒಪ್ಪವಾಗಿ ಹೊದಿಸಲಾಗಿತ್ತು.

ಅದುವರೆಗೆ ನಾನು ಪ್ರಶ್ನೆಪತ್ರಿಕೆಗಳನ್ನು ಕಾಗದದ ಮೇಲೆ ತೆಗೆದು ಅಚ್ಚುಕೂಟಕ್ಕೆ ಒಯ್ಯುತ್ತಿದ್ದೆ. ಆ ಸಲ ಅಚ್ಚುಕೂಟದ ಮಾಲೀಕರು ಪೆನ್ ಡ್ರೈವಿನಲ್ಲಿ ತನ್ನಿರೆಂದು ಹೇಳಿದ್ದರು. ಒಯ್ದುಕೊಟ್ಟೆ. ಮರುದಿನ ಹನ್ನೊಂದು ಗಂಟೆಗೆ ದೂರವಾಣಿ ಬಂದಿತು.

"ಮೇಷ್ಟ್ರೇ, ನಿಮ್ ಕಡ್ಡಿ ಆಕ್ದಾಗಿಂದ ನಮ್ ಮಿಷಿನ್ಗಳ್ಗೆಲ್ಲ ಉಚ್ಚಿಡ್ದದ. ಒಂದು ಫೋಲ್ಡರ್ ಇದ್ದತಾವು ಎರಡವ. ನಿಮ್ ಪತ್ರಿಕೆ ಅತ್ಲಾಗಿರ್ಲಿ, ಎರಡು ಮದ್ವೆ ಕಾರ್ಡು ನಿಂತೋಗವ. ಗಂಡಿನ್ ಕಡ್ಯೋರು ಬಂದು ಬಾಗ್ಲಲ್ಲೇ ಕುಂತವ್ರ."

"ನನ್ನ ಮನೆಯ ಯಂತ್ರ ಶುದ್ಧವಾಗಿದೆ," ಎಂದೆ.

"ಆ ಮಾತ ಗಂಡಿನ್ ಕಡ್ಯೋರ್ಗೆ ಯೋಳ್ತೀರಾ? ಫೋನ್ ಕೊಡ್ತೀನಿ."

ಫೋನನ್ನು ಇಟ್ಟು ಯಂತ್ರದ ಮುಂದೆ ಕುಳಿತು ಕ್ರಮಬದ್ಧವಾಗಿ ತನಿಖೆ ಮಾಡಿದೆ. ನಾನು ಎಂದೂ ತೆರೆಯದ ಇಸ್ಪೀಟಿನ ಆಟ ತೆರೆದ ಗುರುತಿತ್ತು. ನನ್ನದಲ್ಲದ ಒಂದು ನಾಮಕರಣದ ಆಹ್ವಾನಪತ್ರ ಇತ್ತು. ಅದರಲ್ಲಿ ಏಳು ಕಾಗುಣಿತದ ತಪ್ಪುಗಳಿದ್ದವು. ತಿದ್ದಿದ ಮೇಲೆ ನೆರೆಮನೆಗೆ ನಡೆದೆ.

"ಅಕ್ಕ, ಆ ಚೀಟಿಯನ್ನು ಯಾರಿಗೆ ತೋರಿಸಿದಿರಿ?"

"ಯಾರ್ಗೂ ತೋರ್ಸಿಲ್ಲ ಕಣಪ್ಪ. ಓದುಸ್ದೆ."

"ಯಾರಿಂದ?"

"ನನ್ಗೇನ್ ಅಕ್ಸರ ಬತ್ತದಾ? ಅವಸರುಕ್ಕ ಬೇಕಾದ್ರ ಬಾಯ್ಗ ಬರ್ಬೇಕಲ್ಲ ಅಂತ, ಡೈರಿಗ ಆಲಾಕಕ್ ಓದಾಗ ಚೀಟಿ ತಕ್ಕೊಂಡೋಗಿದ್ದೆ. ಒಬ್ಬ ಓದ್ದ, ಸರ್ಯಾಗ್ ಬರ್ನಿಲ್ಲ. ಇನ್ನೊಬ್ಬ ಇಸ್ಕಂಡ. ಆಮ್ಯಾಕ ಡೈರಿ ಸೆಕ್ರೆಟ್ರಿನೇ ಜೋರಾಗ್ ಓದಿ ಎಲ್ಲಾರ್ಗೂ ಕಲುಸ್ದ."

ಒಳಗಿನಿಂದ ಗಂಡನ ದನಿ ಬಂದಿತು: "ಲೋಪಾಗಮಾದೇಸ. ಚೆಂದಾಗದ ಮೇಷ್ಟ್ರ, ಸಿವನೆಸ್ರು. ಇದ್ವರ್ಗೂ ಕೇಳೇ ಇರ್ನಿಲ್ಲ."

"ಸಂಜ ದೀಪ ಅಚ್ಚಾಗ ನಾನೂ ಅಂತೀನಿ," ಎಂದರು ಅಕ್ಕ.

ಇಸ್ಪೀಟು ಆಡಿದವರು ಅಕ್ಕನ ಗಂಡನೆಂದೂ, ಆಹ್ವಾನಪತ್ರ ಅವರ ಗೆಟ್ಟವಾಡಿಯ ತಮ್ಮನದೆಂದೂ, ಆತ ತನ್ನ ಪೆನ್ ಡ್ರೈವನ್ನು ನನ್ನ ಯಂತ್ರಕ್ಕೆ ಚುಚ್ಚಿದ್ದನೆಂದೂ ತಿಳಿಯಿತು. ಗೋಡೆಯ ಮೇಲೆ ನಾನು ಅಂಟಿಸಿದ್ದ ಹನ್ನೊಂದು ನಿಯಮಗಳನ್ನು ಆತ ಓದಿ, ಎಲ್ಲವನ್ನೂ ಪಾಲಿಸಿದ್ದನಂತೆ. ಚಪ್ಪಲಿ ಬಿಟ್ಟಿದ್ದನು, ಕೈ ತೊಳೆದಿದ್ದನು, ಬಟ್ಟೆ ಹೊದಿಸಿದ್ದನು. ಅನ್ಯರ ಪೆನ್ ಡ್ರೈವಿನ ಬಗ್ಗೆ ಹನ್ನೊಂದರಲ್ಲಿ ಒಂದೂ ನಿಯಮವಿರಲಿಲ್ಲ.

"ನಿಮ್ಮ ತಮ್ಮನೇ ರೋಗವನ್ನು ತಂದಿದ್ದಾನೆ," ಎಂದೆ. "ನಿಮ್ಮನ್ನು ನಂಬಿ ಕೊಟ್ಟದ್ದೇ ತಪ್ಪಾಯಿತು."

ಅಕ್ಕ ಒಳಗೆ ಹೋಗಿ, ಬೀಗದ ಕೈಯನ್ನು ಚೀಟಿಯ ಸಮೇತ ತಂದು ನನ್ನ ಅಂಗೈಯಲ್ಲಿ ಇಟ್ಟರು. "ತಕ್ಕೊ ಮೇಷ್ಟ್ರ. ಇನ್ಮ್ಯಾಕ ನೀನೇ ಮಡಿಕ್ಕೊ."

ಅಂದಿನಿಂದ ನನ್ನ ಬೀಗದ ಕೈ ನನ್ನ ಜೇಬಿನಲ್ಲಿ. ಮೂರನೆಯ ದಿನವೇ ಅದು ತಾಳವಾಡಿಯ ಬಸ್ಸಿನಲ್ಲಿ ಉಳಿದುಹೋಯಿತು. ಹೆಂಡತಿಯೂ ನಾನೂ ನಮ್ಮದೇ ಜಗಲಿಯ ಮೇಲೆ, ಆ ಬಸ್ಸು ಮರಳುವವರೆಗೆ ಎರಡೂವರೆ ಗಂಟೆ ಕುಳಿತೆವು. ಅಕ್ಕ ಎರಡು ಲೋಟ ಮಜ್ಜಿಗೆಯನ್ನು ತಂದು, ಇಟ್ಟು ಹೋದರು. ನನಗೆ ಕೊಟ್ಟ ಲೋಟದಲ್ಲಿ ಉಪ್ಪಿರಲಿಲ್ಲ.

ಮುಖ್ಯೋಪಾಧ್ಯಾಯರುಗಳಿಗೆ ತಪ್ಪೊಪ್ಪಿಗೆಯ ಪತ್ರವನ್ನು ಬರೆಯಲೇಬೇಕಾಗಿತ್ತು. ನಾಲ್ಕು ಪುಟ ಬರೆದೆ. 'ಈ ಲೋಪಕ್ಕೆ ಹೊಣೆಗಾರರು' ಎಂಬ ಉಪಶೀರ್ಷಿಕೆಯ ಕೆಳಗೆ 'ನೆರೆಮನೆಯವರು' ಎಂದು ನಮೂದಿಸಿದೆ. ಕಳುಹಿಸುವ ಮೊದಲು ಯಂತ್ರವನ್ನು ಶುದ್ಧಿ ಮಾಡಿಸೋಣವೆಂದು ತಾಳವಾಡಿಯಿಂದ ರಿಪೇರಿಯವನನ್ನು ಕರೆಸಿದೆ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ, ನನ್ನಷ್ಟೇ ವಯಸ್ಸಿನ ಮನುಷ್ಯ. ಗೆಟ್ಟವಾಡಿಯ ಪೆನ್ ಡ್ರೈವಿನ ಕಥೆಯನ್ನು ನನ್ನಿಂದ ತಿಳಿದುಕೊಂಡು, ಅರ್ಧ ಗಂಟೆ ನೋಡಿ ಕೇಳಿದ:

"ಸಾರ್, ಸೆಪ್ಟೆಂಬರ್ ಮೂರನೇ ತಾರೀಕು ಎಲ್ಲಿಗೋಗಿದ್ರಿ?"

ದಿನಚರಿಯನ್ನು ತೆಗೆದು ನೋಡಿದೆ. ಚಾಮರಾಜನಗರದ ಒಂದು ಬ್ರೌಸಿಂಗ್ ಸೆಂಟರಿಗೆ. ಹೊಸ ಕನ್ನಡ ಅಕ್ಷರವಿನ್ಯಾಸವೊಂದನ್ನು ನನ್ನ ಪೆನ್ ಡ್ರೈವಿನಲ್ಲಿ ತುಂಬಿಸಿಕೊಂಡು ಬಂದಿದ್ದೆ.

"ಅವತ್ತಿಂದ ಅದ ಸಾರ್ ಇದು. ಈ ಗೆಟ್ಟವಾಡಿಯವ್ರು ಬಂದಿರೋದು ನವೆಂಬರ್ನಲ್ಲಿ. ಅವ್ರು ತರ್ಲಿಲ್ಲ, ಪಾಪ, ತಕ್ಕೊಂಡೋಗವ್ರ. ನಿಮ್ ಆಂಟಿವೈರಸ್ ಜುಲೈಲೇ ಮುಗ್ದೋಗದ. ಲೈಸನ್ಸ್ ಇದ್ದಂಗ ಸಾರ್ ಅದು, ವರ್ಸವರ್ಸ ರಿನ್ಯೂವಲ್ ಮಾಡ್ಬೇಕು. ದಿನಾ ಯೋಳಿರ್ಬೇಕಲ್ಲ?"

"ಹೇಳುತ್ತಿತ್ತು."

"ನೀವೇನ್ ಮಾಡ್ತಿದ್ರಿ?"

"ಮುಚ್ಚುತ್ತಿದ್ದೆ."

"ದಿನಾನೂ?"

"ತಪ್ಪದೆ," ಎಂದಳು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ. "ಸ್ನಾನ ತಪ್ಪುಸ್ಯಾರು, ಅದ ತಪ್ಪುಸ್ನಿಲ್ಲ."

ಪ್ರಶ್ನೆಪತ್ರಿಕೆಗಳನ್ನು ಆ ಮೂರು ದಿನಗಳಲ್ಲಿ ಯಾರಾದರೂ ತೆರೆದಿದ್ದಾರೆಯೇ ಎಂದು ನೋಡಿಸಿದೆ. ತೆರೆದ ಗುರುತಿಲ್ಲವೆಂದನು. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತೆರೆಯದೆ ಇದ್ದದ್ದು ಅವರ ಒಳ್ಳೆಯತನ. ನನ್ನ ಬೀಗದ ಬಲವಲ್ಲ.

ನಾಲ್ಕನೆಯ ಪುಟವನ್ನು ಹರಿದು ಮತ್ತೆ ಬರೆದೆ. ಹೊಣೆಗಾರರು ಎಂಬುದರ ಕೆಳಗೆ 'ನಾನು' ಎಂದಷ್ಟೇ ಬರೆಯಲು ಸಂಜೆಯಾಯಿತು. ಹಿರಿಯ ಮುಖ್ಯೋಪಾಧ್ಯಾಯರು ಅದನ್ನು ನನ್ನ ಎದುರಿಗೇ ಓದಿದರು, ಕೊನೆಯವರೆಗೂ, ಪಾಪ.

"ಇಷ್ಟುದ್ದ ಬರ್ಯೋನು ಪ್ರಶ್ನೆ ಮಾರ್ಕೊಳ್ಳಲ್ಲ ಬುಡಿ," ಎಂದರು. "ನಮ್ತಾವು ಇನ್ನೊಂದು ಸೆಟ್ ಅದ. ಅದ್ನ ಹೊಸ್ದಾಗಿ ಹೊಡ್ಕೊಡಿ. ಆದ್ರ ಒಂದ್ ಮಾತು. ಆ ಬೀಗ ನಿಮ್ದೊಬ್ರದೇ ಆಗಿರ್ಬೇಕು. ಇನ್ಯಾರ್ದೂ ಅಲ್ಲ."

ಒಪ್ಪಿಕೊಂಡು ಬಂದೆ. ಆರು ದಿನಗಳಲ್ಲಿ ಹೊಸ ಪತ್ರಿಕೆಗಳನ್ನು ಬೆರಳಚ್ಚಿಸಿದೆ. ಈ ಸಲ ಮತ್ತೆ ಕಾಗದದ ಮೇಲೆ. ರಿಪೇರಿಯವನು ಯಂತ್ರದೊಳಗೆ ಎರಡು ಬಾಗಿಲು ಮಾಡಿಕೊಟ್ಟಿದ್ದನು. ಒಂದು ನನ್ನ ಹೆಸರಿನದು, ಹೊಸ ಗುಪ್ತಪದದೊಂದಿಗೆ. ಇನ್ನೊಂದಕ್ಕೆ ಬೀಗವೇ ಇಲ್ಲ. ಅಲ್ಲಿಂದ ನನ್ನ ಕಡತಗಳು ಕಾಣವು. ಅದಕ್ಕೆ 'ಜಗಲಿ' ಎಂದು ಹೆಸರಿಟ್ಟೆ. ಇಸ್ಪೀಟನ್ನು ಅಲ್ಲಿ ಉಳಿಸಿದೆ. ಹೊಸ ಗುಪ್ತಪದವನ್ನು ಹೆಂಡತಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ, "ನನ್ಗ ಬ್ಯಾಡ. ನಾಳ ಏನಾರ ಆದ್ರ ನಾಕನೇ ಪುಟದಲ್ಲಿ ನನ್ನೆಸ್ರು ಬತ್ತದ," ಎಂದಳು.

ಉಳಿದದ್ದು ಅತ್ಯಂತ ಕಠಿಣವಾದ ಕೆಲಸ. ಬೀಗದ ಕೈಯನ್ನು ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಅಕ್ಕ ಮುಸುಕಿನಜೋಳ ಬಿಡಿಸುತ್ತಿದ್ದರು. ಎಲ್ಲವನ್ನೂ ಕ್ರಮವಾಗಿ ಹೇಳಿದೆ: ಸೆಪ್ಟೆಂಬರ್ ಮೂರು, ಕೆಂಪು ಚೌಕ, ನಿಮ್ಮ ತಮ್ಮನಿಗೆ ರೋಗ ಹೋದದ್ದು ನನ್ನಿಂದ, ಅವನ ಪೆನ್ ಡ್ರೈವನ್ನು ಶುದ್ಧಿ ಮಾಡಿಸಿಕೊಡುವ ಹೊಣೆ ನನ್ನದು.

"ಮನೆಯ ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಬೇಕು," ಎಂದೆ. "ಆದರೆ ಆ ಪದವನ್ನು ಇನ್ನು ಕೊಡಲಾರೆ ಅಕ್ಕ. ಅದನ್ನು ನಾನೊಬ್ಬನೇ ನೋಡಿಕೊಳ್ಳಬೇಕು. ನಂಬಿಕೆ ಇಲ್ಲವೆಂದಲ್ಲ."

ಅಕ್ಕ ಜೋಳದ ತೆನೆಯನ್ನು ಕೆಳಗಿಟ್ಟು, ಕೊರಳಲ್ಲಿದ್ದ ಕರಡಿಗೆಯನ್ನು ಮುಟ್ಟಿಕೊಂಡರು. ಅದರೊಳಗಿನ ಲಿಂಗವನ್ನು ಗಂಡನೂ ಮುಟ್ಟುವುದಿಲ್ಲ. ಅದರ ಪೂಜೆಯನ್ನು ಬೇರೊಬ್ಬರ ಕೈಯಲ್ಲಿ ಮಾಡಿಸುವಂತೆಯೂ ಇಲ್ಲ.

"ಇದಿದ್ದಂಗ ಅನ್ನು," ಎಂದರು. "ಅವ್ರವ್ರ್ದು ಅವ್ರವ್ರೇ ನೋಡ್ಕಬೇಕು. ನಿನ್ ಕರಡ್ಗ ಕೊಡು ಅಂತ ನಾನ್ ಯಾವತ್ತಾರ ಕೇಳಿದ್ನಾ? ಅದ ಮೊದ್ಲೇ ಯೋಳದು ಬುಟ್ಟು, ಚೀಟಿ ಬರ್ಕೊಟ್ಬುಟ್ಟಲ್ಲ ಮೇಷ್ಟ್ರ."

"ತಪ್ಪಾಯಿತು."

"ನಮ್ಮೆಜಮಾನ್ರು ಇಸ್ಪೀಟ್ ಎಲಾಟ ಆಡ್ಬೋದಾ?"

"ಜಗಲಿಯಲ್ಲಿ ಆಡಬಹುದು."

"ಜಗ್ಲಿ ಮ್ಯಾಲ ಆಡದಾಗಿದ್ರ ಪೆಟ್ಗ ಯಾಕ," ಎಂದು ಒಳಗಿನಿಂದ ಗಂಡನ ದನಿ ಬಂದಿತು. ಅವರಿಗೆ ಬೇರೆಯಾಗಿ ವಿವರಿಸಬೇಕಾಯಿತು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ನನ್ನಿಂದ ಬೀಗದ ಕೈಯನ್ನು ತೆಗೆದುಕೊಂಡರು. ದಾರದಲ್ಲಿ ಇನ್ನೂ ತೂಗುತ್ತಿದ್ದ ಹಳೆಯ ಚೀಟಿಯನ್ನು ಬಿಚ್ಚಿ ಒಲೆಗೆ ಹಾಕಿ, ಕೈಯನ್ನು ಅದರ ಮೊಳೆಗೆ ಸಿಕ್ಕಿಸಿದರು. ಅಂದು ೨೦೦೭ನೆಯ ಇಸವಿ ಡಿಸೆಂಬರ್ ತಿಂಗಳ ಒಂಬತ್ತನೆಯ ತಾರೀಖು, ಭಾನುವಾರ.